ಮಾಮನ ಹೊಲದಲ್ಲಿ ಲಿಚಿ ಯಾಕೆ ಉಳಿಯಲಿಲ್ಲ? ಒಂದು ಹಣ್ಣಿನ ಸಂಶೋಧನೆಯ ಕಥೆ

ಮಿರ್ಗದ ಮಳೆ ಬೀಳುವ ಹೊತ್ತಿಗೆ ಬೀದರಿನ ಗಾಂಧಿ ಗಂಜ್ ಕಡೆ ಹೋದರೆ ತಳ್ಳುಬಂಡಿಗಳ ಮೇಲೆ ಮಾವಿನ ಪಕ್ಕದಲ್ಲಿ ಕೆಂಪು ಗೊಂಚಲುಗಳು ಕಾಣುತ್ತವೆ. ಎಲೆ ಸಮೇತ ಕಟ್ಟಿದ ಲಿಚಿ. ಬಿಹಾರದಿಂದ ಹೈದರಾಬಾದಿಗೆ, ಅಲ್ಲಿಂದ ನಮ್ಮೂರಿಗೆ ಬಂದ ಹಣ್ಣು. ಇವತ್ತು ಕೆಂಪಗಿದ್ದದ್ದು ನಾಳೆಗೆ ಕಂದು ಬಣ್ಣಕ್ಕೆ ತಿರುಗುತ್ತದೆ. ಬಂಡಿಯವನು ನೀರು ಚಿಮುಕಿಸುತ್ತಲೇ ಇರುತ್ತಾನೆ. "ಒಳಗ ಛಲೋ ಅದ, ತಗೋರಿ" ಅನ್ನುತ್ತಾನೆ. ಅವನ ಮಾತು ಬಹುಪಾಲು ನಿಜ. ಯಾಕೆಂದು ಮುಂದೆ ಹೇಳುತ್ತೇವೆ.

ಆದರೆ ಈ ಹಣ್ಣಿನ ಬಗ್ಗೆ ಬರೆಯಬೇಕು ಅನಿಸಿದ್ದು ಬಂಡಿ ನೋಡಿ ಅಲ್ಲ. ಔರಾದ್ ತಾಲ್ಲೂಕಿನಲ್ಲಿ ನಮ್ಮ ಸೋದರಮಾವನ ಹೊಲ ಇದೆ. ತೊಗರಿ, ಸೋಯಾ, ಹಿಂಗಾರಿಗೆ ಕಡಲೆ ಬೆಳೆಯುವ ಎರಿ ನೆಲ. ಕೆಲವು ವರ್ಷಗಳ ಹಿಂದೆ ಒಬ್ಬ ಏಜೆಂಟ್ ಪಿಕಪ್ ಗಾಡಿಯಲ್ಲಿ ಸಸಿ ತುಂಬಿಕೊಂಡು ಊರಿಗೆ ಬಂದಿದ್ದ. ಮೊಬೈಲ್‌ನಲ್ಲಿ ಕೆಂಪು ಗೊಂಚಲಿನ ಫೋಟೋ ತೋರಿಸಿದ. ಮೂರನೇ ವರ್ಷಕ್ಕೇ ಫಲ, ಹಣ್ಣು ನಾವೇ ಕೊಳ್ಳುತ್ತೇವೆ ಅಂದ. ಮಾಮ ಒಂದು ಎಕರೆಗೆ 40 ಲಿಚಿ ಸಸಿ ಹಚ್ಚಿದರು. ಎರಡು ಬೇಸಿಗೆ ಕಳೆದಾಗ ಉಳಿದದ್ದು 11. ಏಜೆಂಟನ ಫೋನ್ ಅಷ್ಟರಲ್ಲಿ ಬಂದಾಗಿತ್ತು.

ಮಾಮ ದುಡ್ಡಿಗಾಗಿ ಅಷ್ಟು ಕೊರಗಲಿಲ್ಲ. ಊರವರ ಮಾತಿಗೆ ಕೊರಗಿದರು. "ನೀರು ಸರಿ ಹಾಕಿಲ್ಲ, ಅದಕ್ಕೇ ಒಣಗ್ಯಾವ" ಅಂತ ಎಲ್ಲರೂ ಅನ್ನುತ್ತಿದ್ದರು. ಒಂದು ದಿನ ನಮ್ಮನ್ನು ಕೂರಿಸಿಕೊಂಡು ಕೇಳಿದರು: "ನೀ ಪೇಪರಿಗೆ ಬರಿಯಾಂವ. ಹೇಳು, ತಪ್ಪು ನೆಲದ್ದೇನು, ನಂದೇನು?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಸಾವಿರ ವರ್ಷದ ಹಿಂದಕ್ಕೆ ಹೋಗಬೇಕಾಯಿತು. ಸಿಕ್ಕಿದ್ದನ್ನೆಲ್ಲ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ. ಸಸಿ ಮಾರುವವರು ನಿಮ್ಮೂರಿಗೂ ಬಂದಾರು, ಓದಿ ಇಟ್ಟುಕೊಳ್ಳಿ.

ಚೀನಾದ ಒಬ್ಬ ಅಧಿಕಾರಿ ಬರೆದ ಪುಸ್ತಕ

ಲಿಚಿಯ ತವರು ದಕ್ಷಿಣ ಚೀನಾ. ನಮಗೆ ಇದು ಹೊಸ ಹಣ್ಣಾದರೂ ಇದರ ಬಳಗ ಹೊಸದಲ್ಲ. ತಲೆ ತೊಳೆಯಲು ಬಳಸುವ ಅಂಟುವಾಳ ಇದೆಯಲ್ಲ, ನಮ್ಮ ಕಡೆ ರೀಠಾ ಅನ್ನುತ್ತಾರೆ, ಅದೂ ಲಿಚಿಯೂ ಒಂದೇ ಕುಟುಂಬದ ಮರಗಳು. ರಂಬುಟಾನ್ ಕೂಡ ಅದೇ ಕುಟುಂಬದ್ದು.

8ನೇ ಶತಮಾನದಲ್ಲಿ ಚೀನಾದ ತಾಂಗ್ ವಂಶದ ದೊರೆ ಷುವಾನ್‌ಜೋಂಗ್ ತನ್ನ ಪ್ರೀತಿಯ ಯಾಂಗ್ ಗುಯ್‌ಫೇಯ್‌ಗಾಗಿ ತಾಜಾ ಲಿಚಿಯನ್ನು ಕುದುರೆ ಸವಾರರ ಮೂಲಕ ದೂರದಿಂದ ತರಿಸುತ್ತಿದ್ದ. ಒಬ್ಬ ಸವಾರ ದಣಿದ ಕಡೆ ಇನ್ನೊಬ್ಬ ಹೊಸ ಕುದುರೆಯೊಂದಿಗೆ ಸಿದ್ಧ. ಅಷ್ಟು ಅವಸರ ಯಾಕೆ? ಕೊಂಬೆಯಿಂದ ಕಿತ್ತ ಲಿಚಿ ಮೊದಲು ಬಣ್ಣ ಕಳೆದುಕೊಳ್ಳುತ್ತದೆ, ಆಮೇಲೆ ವಾಸನೆ, ಆಮೇಲೆ ರುಚಿ. ಗಾಂಧಿ ಗಂಜಿನ ಬಂಡಿಯವನ ತಾಪತ್ರಯ ಆ ದೊರೆಗೂ ಇತ್ತು.

1059ರಲ್ಲಿ ಸಾಂಗ್ ವಂಶದ ಕಾಲದ ಅಧಿಕಾರಿ ತ್ಸಾಯ್ ಷಿಯಾಂಗ್ ಲಿಚಿಯ ಬಗ್ಗೆಯೇ ಒಂದು ಪುಸ್ತಕ ಬರೆದ. ಒಂದೇ ಹಣ್ಣಿನ ಬಗ್ಗೆ ಬರೆದ ಜಗತ್ತಿನ ಅತಿ ಹಳೆಯ ಪುಸ್ತಕಗಳಲ್ಲಿ ಅದೂ ಒಂದು. ಅವನು ಫುಜಿಯಾನ್ ಪ್ರಾಂತದವನು. ತನ್ನ ಸೀಮೆಯ ಮೂವತ್ತಕ್ಕೂ ಹೆಚ್ಚು ತಳಿಗಳನ್ನು ಹೆಸರು, ಗಾತ್ರ, ರುಚಿ ಸಮೇತ ದಾಖಲಿಸಿದ. ಹಣ್ಣು ಕೆಡದಂತೆ ಇಡುವ ಮೂರು ವಿಧಾನವನ್ನೂ ಬರೆದ: ಬಿಸಿಲಲ್ಲಿ ಒಣಗಿಸುವುದು, ಜೇನಿನಲ್ಲಿ ಪಾಕ ಮಾಡುವುದು, ಮೂರನೆಯದು ಕೆಂಪು ಉಪ್ಪಿನ ವಿಧಾನ.

ಈ ಮೂರನೆಯದು ಕುತೂಹಲದ್ದು. ಉಪ್ಪು ಹಾಕಿದ ಹುಳಿ ಹಣ್ಣಿನ ರಸದಲ್ಲಿ ದಾಸವಾಳದ ಹೂವು ನೆನೆಸಿ, ಆ ಕೆಂಪು ನೀರಿನಲ್ಲಿ ಲಿಚಿ ಅದ್ದಿ, ಬಿಸಿಲಿಗೆ ಒಣಗಿಸುತ್ತಿದ್ದರು. ಹಾಗೆ ಮಾಡಿದ ಹಣ್ಣು ಮೂರು ನಾಲ್ಕು ವರ್ಷ ಹುಳು ಹಿಡಿಯದೆ ಉಳಿಯುತ್ತದೆ ಎಂದು ಅವನು ಬರೆದಿದ್ದಾನೆ. ಹುಳಿ ಇದ್ದರೆ ಕೆಂಪು ನಿಲ್ಲುತ್ತದೆ ಎಂಬುದು ಆ ರೈತರಿಗೆ ಕೈಯನುಭವದಿಂದ ಗೊತ್ತಿತ್ತು. ಒಂಬೈನೂರು ವರ್ಷ ಕಳೆದ ಮೇಲೆ ಪ್ರಯೋಗಾಲಯಗಳು ಅದೇ ಹುಳಿಯ ಕಡೆಗೆ ಹೊರಳಿದವು.

ಬಿಹಾರಕ್ಕೆ ಬಂದ ಲಿಚಿ

ಲಿಚಿ 17ನೇ ಶತಮಾನದ ಕೊನೆಯ ಹೊತ್ತಿಗೆ ಬರ್ಮಾಕ್ಕೆ ಬಂದು, ಅಲ್ಲಿಂದ ಭಾರತದ ಪೂರ್ವ ಭಾಗಕ್ಕೆ ಕಾಲಿಟ್ಟಿತು. ಬಂಗಾಳ, ತ್ರಿಪುರಾ, ಅಸ್ಸಾಂ ದಾಟಿ ಬಿಹಾರದಲ್ಲಿ ಗಟ್ಟಿಯಾಗಿ ಬೇರೂರಿತು. ಗಂಡಕ್ ನದಿಯ ಬಯಲಿನಲ್ಲಿರುವ ಮುಜಫ್ಫರ್‌ಪುರ ಇವತ್ತು ದೇಶದ ಲಿಚಿ ರಾಜಧಾನಿ. ಲಿಚಿ ಬೆಳೆಯುವುದರಲ್ಲಿ ಚೀನಾ ಮೊದಲು, ಭಾರತ ಎರಡನೆಯದು. ಭಾರತದಲ್ಲಿ ಬಿಹಾರ ಮೊದಲು. ಅಲ್ಲಿನ ಶಾಹಿ ಲಿಚಿಗೆ 2018ರಲ್ಲಿ ಭೌಗೋಳಿಕ ಸೂಚಕ, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ನಮ್ಮ ಬಿದ್ರಿ ಕಲೆಗೆ ಇರುವಂಥದ್ದೇ ಗುರುತು ಅದು.

ಚೀನಾದಿಂದ ಬೇರೆ ದೇಶಗಳಿಗೂ ಲಿಚಿ ಹೋಯಿತು. 1873ರಲ್ಲಿ ಹವಾಯಿ ದ್ವೀಪಕ್ಕೆ ಹೋಯಿತು. 1903ರಲ್ಲಿ ಬ್ರೂಸ್ಟರ್ ಎಂಬ ಪಾದ್ರಿ ಫುಜಿಯಾನ್‌ನಿಂದ ಅಮೆರಿಕಕ್ಕೆ ಗಿಡ ಕಳಿಸಿದ. ಆ ತಳಿಗೆ ಅಲ್ಲಿ ಈಗಲೂ ಬ್ರೂಸ್ಟರ್ ಎಂದೇ ಹೆಸರು. 1921ರಲ್ಲಿ ಚೀನಾದಲ್ಲಿ ಪಾಠ ಹೇಳುತ್ತಿದ್ದ ಅಮೆರಿಕದ ಜಾರ್ಜ್ ವೈಡ್‌ಮನ್ ಗ್ರಾಫ್ ಲಿಚಿಯ ಬಗ್ಗೆ ಇಂಗ್ಲಿಷಿನಲ್ಲಿ ದೊಡ್ಡ ಪುಸ್ತಕ ಬರೆದ.

ಗಿಡವೇನೋ ಎಲ್ಲ ಕಡೆ ಹೋಯಿತು. ಫಲ ಎಲ್ಲ ಕಡೆ ಬರಲಿಲ್ಲ. ಹಲವು ಕಡೆ ಮರ ದಟ್ಟವಾಗಿ ಬೆಳೆದು ಹಸಿರು ತುಂಬಿಕೊಂಡು ನಿಂತರೂ ಹೂ ಬಿಡಲಿಲ್ಲ. ಒಂದು ವರ್ಷ ಬಿಟ್ಟರೆ ಮೂರು ವರ್ಷ ಇಲ್ಲ.

ಹೂವಿನ ಗುಟ್ಟು ಚಳಿಯಲ್ಲಿತ್ತು

ಈ ಗುಟ್ಟನ್ನು ಚೆನ್ನಾಗಿ ಬಿಡಿಸಿದ್ದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ. 1980ರ ದಶಕದಲ್ಲಿ ಕ್ರಿಸ್ಟೋಫರ್ ಮೆನ್ಜೆಲ್ ಮತ್ತು ಸಿಂಪ್ಸನ್ ಎಂಬ ವಿಜ್ಞಾನಿಗಳು ಬೇರೆ ಬೇರೆ ತಳಿಯ ಲಿಚಿ ಗಿಡಗಳನ್ನು ಉಷ್ಣತೆ ನಿಯಂತ್ರಿಸಿದ ಕೋಣೆಗಳಲ್ಲಿ ಇಟ್ಟು ನೋಡಿದರು. ಹಗಲು 15, ರಾತ್ರಿ 10 ಡಿಗ್ರಿ ಇದ್ದ ಕೋಣೆಯಲ್ಲಿ ಗಿಡಗಳು ಹೂಗೊಂಚಲು ಬಿಟ್ಟವು. ಹಗಲು 30, ರಾತ್ರಿ 25 ಡಿಗ್ರಿ ಇದ್ದ ಕೋಣೆಯಲ್ಲಿ ಬರೀ ಎಲೆ ಬಂತು.

ಲಿಚಿ ಗಿಡಕ್ಕೆ ಹೂವಿನ ಮುಂಚೆ ಕೆಲವು ವಾರ ತಂಪು ಬೇಕು, ಆ ತಂಪು ಒಣ ತಂಪಾಗಿದ್ದರೆ ಒಳ್ಳೆಯದು. ಚಳಿಗಾಲದ ಹೊಸ್ತಿಲಲ್ಲಿ ಮಳೆಯೋ ನೀರೋ ಗೊಬ್ಬರವೋ ಹೆಚ್ಚಾಗಿ ಹೊಸ ಚಿಗುರು ಬಂದರೆ ಆ ಕೊಂಬೆಯಲ್ಲಿ ಹೂವಿನ ಆಸೆ ಬಿಡಬೇಕು. ಹಾಗಂತ ಹಿಮ ಬೀಳುವ ಚಳಿಯೂ ಆಗದು, ಎಳೆ ಗಿಡ ಸತ್ತೇ ಹೋಗುತ್ತದೆ.

ಹೂ ಬಿಟ್ಟ ಮೇಲೆ ಅದಕ್ಕೆ ಬೇಕಾದದ್ದು ಬೇರೆ. ಕಾಯಿ ದಪ್ಪಗಾಗುವಾಗ ಗಾಳಿಯಲ್ಲಿ ತೇವ ಇರಬೇಕು, ನೆಲ ಒಣಗಬಾರದು. ಉಷ್ಣತೆ 38 ಡಿಗ್ರಿ ದಾಟಿ, ಗಾಳಿಯ ತೇವ 60 ಶೇಕಡಾಕ್ಕಿಂತ ಇಳಿದರೆ ಹಣ್ಣಿನ ಸಿಪ್ಪೆ ಸುಟ್ಟು ಬಿರಿಯುತ್ತದೆ. ಒಳಗಿನ ತಿರುಳು ಹಿಗ್ಗುತ್ತಿರುತ್ತದೆ, ಬಿಸಿಗಾಳಿಗೆ ಒಣಗಿದ ಸಿಪ್ಪೆ ಹಿಗ್ಗಲಾರದು. ಬಿರಿದ ಹಣ್ಣಿಗೆ ಮಾರುಕಟ್ಟೆ ಇಲ್ಲ. ಮುಜಫ್ಫರ್‌ಪುರದ ರೈತರಿಗೂ ಬಿಸಿಗಾಳಿ ಬೀಸಿದ ವರ್ಷ ಇದೇ ನಷ್ಟ. ಅದಕ್ಕೇ ಅಲ್ಲಿ ತೋಟದ ಸುತ್ತ ಗಾಳಿತಡೆ ಮರ ಬೆಳೆಸಿ, ಹಗುರಾಗಿ ಆಗಾಗ ನೀರು ಕೊಟ್ಟು, ಬೋರಾನ್ ಕೊರತೆ ಇದ್ದಲ್ಲಿ ಬೋರಾಕ್ಸ್ ಸಿಂಪಡಿಸಲು ಹೇಳುತ್ತಾರೆ.

ಕರ್ನಾಟಕದಲ್ಲಿ ಲಿಚಿ ಒಪ್ಪಿಕೊಂಡ ಜಾಗ

ನಮ್ಮ ರಾಜ್ಯದಲ್ಲಿ ಲಿಚಿಯ ಪರೀಕ್ಷೆ ನಡೆದದ್ದು ಬೀದರಿನಿಂದ ಬಹಳ ದೂರ, ಕೊಡಗಿನಲ್ಲಿ. ಅಲ್ಲಿನ ಚೆಟ್ಟಳ್ಳಿಯಲ್ಲಿ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರೀಯ ತೋಟಗಾರಿಕೆ ಪ್ರಯೋಗ ಕೇಂದ್ರ ಇದೆ. ಕೊಡಗಿನ ಕಿತ್ತಳೆಯ ಮೇಲೆ ಬಹುಕಾಲ ಕೆಲಸ ಮಾಡಿದ ಕೇಂದ್ರ ಅದು. ರಂಬುಟಾನ್, ಬೆಣ್ಣೆಹಣ್ಣಿನಂಥ ಬೆಳೆಗಳ ತಳಿಗಳನ್ನೂ ಬಿಡುಗಡೆ ಮಾಡಿದೆ. ಅಲ್ಲಿ ಲಿಚಿ ತಳಿಗಳನ್ನು ಬೆಳೆಸಿ ನೋಡಿದಾಗ ಒಂದು ವಿಶೇಷ ಕಂಡಿತು.

ಬಿಹಾರದಲ್ಲಿ ಲಿಚಿ ಹಣ್ಣಾಗುವುದು ಮೇ-ಜೂನ್‌ನಲ್ಲಿ. ಕೊಡಗಿನ ಗುಡ್ಡದಲ್ಲಿ ಅದು ಹಣ್ಣಾಗುವುದು ನವೆಂಬರ್-ಡಿಸೆಂಬರ್ ಸುಮಾರಿಗೆ. ಪಕ್ಕದ ಕೇರಳದ ವಯನಾಡಿನಲ್ಲೂ ಹೀಗೆಯೇ. ಉತ್ತರ ಭಾರತದಲ್ಲಿ ಒಂದೂ ಲಿಚಿ ಸಿಗದ ಕಾಲದಲ್ಲಿ ಕೊಡಗಿನಲ್ಲಿ ಸಿಗುತ್ತದೆ. ಹೀಗಾಗಿ ಕಾಫಿ ತೋಟದವರಿಗೆ ಇದೊಂದು ಪೂರಕ ಆದಾಯವಾದೀತು ಎಂದು ಸಂಶೋಧಕರು ಉತ್ತೇಜನ ಕೊಡುತ್ತಿದ್ದಾರೆ.

ಕೊಡಗಿನಲ್ಲಿ ಬಂತಲ್ಲ, ಬೀದರಿನಲ್ಲೂ ಬರುತ್ತದೆ ಎಂದು ಏಜೆಂಟ್ ಹೇಳಬಹುದು. ಎರಡೂ ಕರ್ನಾಟಕವೇ. ಆದರೆ ಚೆಟ್ಟಳ್ಳಿಯ ಬೆಟ್ಟ, ಅಲ್ಲಿನ ಮಳೆ, ಕಾಫಿ ತೋಟದ ನೆರಳು, ಎಲೆಗೊಬ್ಬರ ತುಂಬಿದ ಮಣ್ಣು ಇವನ್ನು ಔರಾದಿಗೆ ಪಿಕಪ್ ಗಾಡಿಯಲ್ಲಿ ತರಲು ಆಗುವುದಿಲ್ಲ.

ಒಂದೇ ಹಣ್ಣಿಗೆ ಒಂದು ಸಂಶೋಧನಾ ಕೇಂದ್ರ

2001ರಲ್ಲಿ ಭಾರತೀಯ ಕೃಷಿ ಸಂಶೋಧನಾ ಮಂಡಳಿ ಮುಜಫ್ಫರ್‌ಪುರದ ಮುಶಹರಿಯಲ್ಲಿ ರಾಷ್ಟ್ರೀಯ ಲಿಚಿ ಸಂಶೋಧನಾ ಕೇಂದ್ರ ತೆರೆಯಿತು. ಗಂಡಕಿ ಸಂಪದ, ಗಂಡಕಿ ಲಾಲಿಮಾ, ಗಂಡಕಿ ಯೋಗಿತಾ ಎಂಬ ತಳಿಗಳು ಅಲ್ಲಿಂದ ಬಂದವು.

ಸಸಿಯ ವಿಷಯದಲ್ಲಿ ರೈತರು ತಿಳಿದಿರಬೇಕಾದದ್ದು ಇಷ್ಟು. ಬೀಜದಿಂದ ಬೆಳೆಸಿದ ಲಿಚಿ ತಾಯಿಮರದಂತೆ ಇರುವುದಿಲ್ಲ, ಫಲಕ್ಕೆ ಏಳರಿಂದ ಹನ್ನೆರಡು ವರ್ಷ ಹಿಡಿಯುತ್ತದೆ. ಗೂಟಿ ಕಟ್ಟಿ, ಅಂದರೆ ಕೊಂಬೆಯ ಮೇಲೇ ಬೇರು ಬರಿಸಿ ಮಾಡಿದ ಸಸಿ ಕೂಡ ನಾಲ್ಕರಿಂದ ಆರು ವರ್ಷ ತೆಗೆದುಕೊಳ್ಳುತ್ತದೆ. ಅದೂ ಒಪ್ಪುವ ನೆಲ, ಒಪ್ಪುವ ಹವೆ ಇದ್ದಲ್ಲಿ. "ಮೂರನೇ ವರ್ಷಕ್ಕೇ ಫಲ" ಎಂದು ಮಾಮನಿಗೆ ಹೇಳಿದ ಮಾತು ಅಲ್ಲಿಗೇ ಸುಳ್ಳಾಯಿತು.

ಲಿಚಿಯ ಬೇರಿಗೆ ಒಂದು ಬಗೆಯ ಶಿಲೀಂಧ್ರದ ಜೊತೆ ಬೇಕು. ಅದು ಬೇರಿಗೆ ಅಂಟಿಕೊಂಡು ಮಣ್ಣಿನ ಸತ್ವ ಎಳೆದು ಕೊಡುತ್ತದೆ. ಅದಕ್ಕೇ ಹೊಸ ತೋಟ ಮಾಡುವಾಗ ಹಳೇ ಲಿಚಿ ಮರದ ಬುಡದ ಮಣ್ಣನ್ನು ಪ್ರತಿ ಗುಂಡಿಗೆ ಹಾಕುವುದು ಬಿಹಾರದಲ್ಲಿ ರೂಢಿ. ಹಳೇ ಮರವೇ ಇಲ್ಲದ ಸೀಮೆಯಲ್ಲಿ ಆ ಮಣ್ಣು ಎಲ್ಲಿ ಸಿಗಬೇಕು?

ಜೇನುಹುಳವೂ ಅಷ್ಟೇ ಮುಖ್ಯ. ಲಿಚಿ ಹೂವಿನ ಕಾಲಕ್ಕೆ ಜೇನು ಸಾಕುವವರು ಪೆಟ್ಟಿಗೆ ಹೊತ್ತು ಮುಜಫ್ಫರ್‌ಪುರದ ತೋಟಗಳಿಗೆ ಬರುತ್ತಾರೆ. ರೈತನಿಗೆ ಕಾಯಿ ಹೆಚ್ಚು, ಜೇನಿನವನಿಗೆ ತುಪ್ಪ ಹೆಚ್ಚು. ಹೂವಿನ ಮೇಲೆ ಔಷಧ ಹೊಡೆದರೆ ಇಬ್ಬರಿಗೂ ನಷ್ಟ. ಹಣ್ಣು ಕೊರೆಯುವ ಹುಳು ಲಿಚಿಯ ದೊಡ್ಡ ಶತ್ರು. ಅದನ್ನು ತಡೆಯಲು ಗೊಂಚಲಿಗೇ ಚೀಲ ಕಟ್ಟುವ ಪದ್ಧತಿಯನ್ನು ಕೇಂದ್ರದವರು ಪರೀಕ್ಷಿಸಿ ಹೇಳಿಕೊಟ್ಟಿದ್ದಾರೆ. ಔಷಧ ಕಡಿಮೆ, ಬಿಸಿಲಿನ ಸುಡುವಿಕೆಯೂ ಕಡಿಮೆ.

ಸಿಪ್ಪೆ ಕಂದಾಗುವುದು ಯಾಕೆ?

ಈಗ ಬಂಡಿಯವನ ಮಾತಿಗೆ ಬರೋಣ. ಲಿಚಿ ಸಿಪ್ಪೆಯ ಕೆಂಪಿಗೆ ಆಂಥೊಸಯನಿನ್ ಎಂಬ ಬಣ್ಣ ಕಾರಣ. ಕಿತ್ತ ಮೇಲೆ ಸಿಪ್ಪೆಯ ನೀರು ಬೇಗ ಆರುತ್ತದೆ. ಆಗ ಸಿಪ್ಪೆಯೊಳಗಿನ ಸಣ್ಣ ಕೋಶಗಳು ಒಡೆದು, ಕಿಣ್ವಗಳು ಬಣ್ಣದ ಜೊತೆ ಬೆರೆತು ಅದನ್ನು ಕಂದು ಮಾಡುತ್ತವೆ. ಬದನೆಕಾಯಿ ಹೆಚ್ಚಿಟ್ಟರೆ ಕಪ್ಪಾಗುವುದೂ ಇಂಥದ್ದೇ ಕಿಣ್ವದ ಕೆಲಸ. ಲಿಚಿಯಲ್ಲಿ ಇದು ಮೊದಲು ಸಿಪ್ಪೆಯಲ್ಲಿ ನಡೆಯುತ್ತದೆ, ತಿರುಳು ಇನ್ನೂ ಕೆಲ ದಿನ ಚೆನ್ನಾಗಿರುತ್ತದೆ. ಬಂಡಿಯವನು ನೀರು ಚಿಮುಕಿಸುವುದು ಸಿಪ್ಪೆ ಆರದಿರಲಿ ಎಂದು. ಅವನ ಉಪಾಯದ ಹಿಂದೆ ವಿಜ್ಞಾನವಿದೆ.

ಇನ್ನೊಂದು ಮಾತು. ಮಾವು, ಸೀತಾಫಲ ಕಿತ್ತ ಮೇಲೂ ಹಣ್ಣಾಗುತ್ತವೆ. ಲಿಚಿ ಹಾಗಲ್ಲ. ಮರದ ಮೇಲೆ ಎಷ್ಟು ಸಿಹಿ ಬಂತೋ ಅಷ್ಟೇ. ಬೇಗ ಕಿತ್ತರೆ ಹುಳಿ, ತಡವಾದರೆ ಬಿರಿಯುತ್ತದೆ. ಆದ್ದರಿಂದ ಎಳೆ ಬಿಸಿಲಿಗೆ ಮೊದಲೇ ಗೊಂಚಲು ಕಿತ್ತು, ನೆರಳಿಗೆ ಸಾಗಿಸಿ, ಬೇಗ ತಂಪು ಮಾಡಬೇಕು. ಐದು ಡಿಗ್ರಿಯ ಆಸುಪಾಸಿನ ತಂಪು, ತುಂಬು ತೇವ ಕೊಟ್ಟರೆ ಮೂರು ನಾಲ್ಕು ವಾರ ಇಡಬಹುದು.

ದಕ್ಷಿಣ ಆಫ್ರಿಕಾ, ಮಡಗಾಸ್ಕರ್, ಇಸ್ರೇಲ್ ದೇಶಗಳು ಯುರೋಪಿಗೆ ಹಣ್ಣು ಕಳಿಸಲು ಗಂಧಕದ ಹೊಗೆ ಕೊಡುವ ದಾರಿ ಹಿಡಿದವು. ಗಂಧಕದ ಹೊಗೆ ಕಿಣ್ವವನ್ನು ಕಟ್ಟಿಹಾಕುತ್ತದೆ. ಅದರಿಂದ ಕಂದಾಗುವುದು ನಿಲ್ಲುತ್ತದೆ, ಆದರೆ ಕೆಂಪೂ ಮಾಸಿ ಹಳದಿಯಾಗುತ್ತದೆ. ಇಸ್ರೇಲಿನ ವಿಜ್ಞಾನಿಗಳು ಹೊಗೆಯ ನಂತರ ಹಣ್ಣನ್ನು ತೆಳು ಆಮ್ಲದಲ್ಲಿ ಅದ್ದಿ ನೋಡಿದರು. ಕೆಂಪು ಮರಳಿ ಬಂತು! ದಾಸವಾಳ ನೆನೆಸಿದ ಹುಳಿ ನೀರಿಗೆ ಲಿಚಿ ಅದ್ದುತ್ತಿದ್ದ ಹಳೇ ಚೀನಿ ರೈತರ ದಾರಿಯ ಹತ್ತಿರವೇ ಅವರು ಬಂದು ನಿಂತಿದ್ದರು.

ನಮ್ಮ ದೇಶದಲ್ಲಿ ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರ ಇಂಥದ್ದೇ ಒಂದು ವಿಧಾನ ರೂಪಿಸಿತು. ಹಣ್ಣನ್ನು ಅನುಮತಿ ಇರುವ ಎರಡು ದ್ರಾವಣಗಳಲ್ಲಿ ಒಂದಾದ ಮೇಲೆ ಒಂದರಂತೆ ಅದ್ದಿ 4 ಡಿಗ್ರಿ ತಂಪಿನಲ್ಲಿ ಇಟ್ಟರೆ 45 ದಿನದವರೆಗೆ ಕೆಡದಂತೆ ಉಳಿಸಬಹುದು. ಬಿರಿದ ಹಣ್ಣು, ಸಣ್ಣ ಹಣ್ಣು ಬಿಸಾಡದೆ ರಸ, ಶರಬತ್ತು, ಒಣ ಲಿಚಿ ಮಾಡುವ ಕೆಲಸವೂ ನಡೆದಿದೆ.

ಮಕ್ಕಳು ಸಾಯತೊಡಗಿದಾಗ

ಇಲ್ಲಿವರೆಗೆ ಬರೆದದ್ದು ರೈತನ ನಷ್ಟದ ಮಾತು. ಇನ್ನು ಬರೆಯುವುದು ಅದಕ್ಕಿಂತ ದೊಡ್ಡ ನಷ್ಟ.

1995ರಿಂದ ಮುಜಫ್ಫರ್‌ಪುರದಲ್ಲಿ ಲಿಚಿ ಸುಗ್ಗಿಯ ದಿನಗಳಲ್ಲೇ ಒಂದು ಕಾಯಿಲೆ ಕಾಣಿಸಿಕೊಳ್ಳತೊಡಗಿತು. ರಾತ್ರಿ ಚೆನ್ನಾಗಿಯೇ ಮಲಗಿದ ಮಗು ಬೆಳಗಿನ ಜಾವ ಕೈಕಾಲು ಸೆಟೆದು, ಪ್ರಜ್ಞೆ ತಪ್ಪುತ್ತಿತ್ತು. ಜನ ಅದಕ್ಕೆ ಚಮ್ಕಿ ಜ್ವರ ಎಂದು ಹೆಸರಿಟ್ಟರು. ಸುಗ್ಗಿ ಮುಗಿದು ಮಳೆ ಹಿಡಿದರೆ ಕಾಯಿಲೆಯೂ ನಿಲ್ಲುತ್ತಿತ್ತು. ಕೆಲವರು ಮೆದುಳು ಜ್ವರ ಅಂದರು, ಕೆಲವರು ಬಿಸಿಲಿನ ಹೊಡೆತ ಅಂದರು. ಕೆಲವರು ಕೀಟನಾಶಕ ಅಂದರು.

ಉತ್ತರದ ತುಣುಕುಗಳು ಹಳೇ ಸಂಶೋಧನೆಗಳಲ್ಲಿ ಬಿದ್ದಿದ್ದವು. ಜಮೈಕಾ ದೇಶದಲ್ಲಿ ಆಕೀ ಎಂಬ ಹಣ್ಣು ಬಲಿಯುವ ಮುಂಚೆ ತಿಂದು ಜನ ಸಾಯುತ್ತಿದ್ದರು. 1950ರ ದಶಕದಲ್ಲಿ ಅದರಲ್ಲಿ ಹೈಪೊಗ್ಲೈಸಿನ್ ಎಂಬ ವಿಷ ಪತ್ತೆಯಾಯಿತು. ಆಕೀ ಕೂಡ ಲಿಚಿಯ ಕುಟುಂಬದ ಮರ. 1962ರಲ್ಲಿ ಲಿಚಿಯ ಬೀಜದಲ್ಲೂ ಅದೇ ಜಾತಿಯ ಒಂದು ವಸ್ತು ಇದೆ ಎಂದು ಇಂಗ್ಲೆಂಡಿನ ವಿಜ್ಞಾನಿಗಳು ಬರೆದರು. ಚುಟುಕಾಗಿ ಅದನ್ನು ಎಂಸಿಪಿಜಿ ಅನ್ನುತ್ತಾರೆ. ಆ ಬರಹಕ್ಕೂ ಬಿಹಾರದ ಆಸ್ಪತ್ರೆ ಮಂಚಕ್ಕೂ ಗಂಟು ಹಾಕಲು ಐವತ್ತು ವರ್ಷ ಬೇಕಾಯಿತು. ವೆಲ್ಲೂರಿನ ಹಿರಿಯ ವೈದ್ಯ ಜೇಕಬ್ ಜಾನ್ ಮತ್ತು ವಿಷವಿಜ್ಞಾನಿ ಮುಕುಲ್ ದಾಸ್ 2014ರಲ್ಲಿ ಈ ಗಂಟನ್ನು ಎತ್ತಿ ತೋರಿಸಿದರು.

ಅದೇ 2014ರ ಸುಗ್ಗಿಯಲ್ಲಿ ಭಾರತದ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ ಮತ್ತು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ತಂಡ ಮುಜಫ್ಫರ್‌ಪುರದ ಎರಡು ಆಸ್ಪತ್ರೆಗಳಲ್ಲಿ ಕೂತು ಪ್ರತಿ ಮಗುವಿನ ಲೆಕ್ಕ ಇಟ್ಟಿತು. ಮೇ 26ರಿಂದ ಜುಲೈ 17ರವರೆಗೆ 390 ಮಂದಿ ದಾಖಲಾದರು. ಅವರಲ್ಲಿ 122 ಮಂದಿ ತೀರಿಕೊಂಡರು. ಪರೀಕ್ಷೆ ಮಾಡಿದವರಲ್ಲಿ 100ಕ್ಕೆ 62 ಮಂದಿಯ ರಕ್ತದಲ್ಲಿ ಸಕ್ಕರೆ ಕುಸಿದಿತ್ತು. ಕಾಯಿಲೆ ಬಿದ್ದ ಮಕ್ಕಳನ್ನು ಬೀಳದವರ ಜೊತೆ ಹೋಲಿಸಿದಾಗ ಎರಡು ವ್ಯತ್ಯಾಸ ಎದ್ದು ಕಂಡವು. ಒಂದು, ಅವರು ಹಿಂದಿನ ದಿನ ಲಿಚಿ ತಿಂದಿದ್ದರು. ಇನ್ನೊಂದು, ರಾತ್ರಿ ಊಟ ಮಾಡಿರಲಿಲ್ಲ. ಈ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ನಡೆಯುವುದು ಹೀಗೆ. ಉಪವಾಸ ಮಲಗಿದಾಗ ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ಬಿಟ್ಟುಕೊಡುತ್ತದೆ. ಸೊರಗಿದ ಮಗುವಿನಲ್ಲಿ ಆ ಗಂಟು ಬೇಗ ಮುಗಿಯುತ್ತದೆ. ಆಗ ದೇಹ ಕೊಬ್ಬು ಕರಗಿಸಿ ಶಕ್ತಿ ತೆಗೆಯಬೇಕು, ಹೊಸ ಸಕ್ಕರೆ ಮಾಡಿಕೊಳ್ಳಬೇಕು. ಲಿಚಿಯ ಆ ವಸ್ತು ಆ ದಾರಿಯನ್ನೇ ಮುಚ್ಚುತ್ತದೆ. ಮೆದುಳಿಗೆ ಸಕ್ಕರೆ ಸಿಗುವುದಿಲ್ಲ. ಅದಕ್ಕೇ ತಜ್ಞರು ಹೇಳಿದ್ದು ಇಷ್ಟೇ: ಸುಗ್ಗಿಯಲ್ಲಿ ಮಕ್ಕಳು ಲಿಚಿ ತಿನ್ನುವುದಕ್ಕೆ ಮಿತಿ ಇರಲಿ, ರಾತ್ರಿ ಊಟ ಮಾಡಿಸಿಯೇ ಮಲಗಿಸಿ, ಕಾಯಿಲೆ ಬಿದ್ದರೆ ತಡ ಮಾಡದೆ ಸಕ್ಕರೆ ಪರೀಕ್ಷಿಸಿ ಗ್ಲೂಕೋಸ್ ಕೊಡಿ.

ಹೊಟ್ಟೆ ತುಂಬ ಉಂಡ ಮಗುವಿಗೆ ನಾಲ್ಕು ಲಿಚಿಯಿಂದ ಭಯವಿಲ್ಲ. ನಮ್ಮ ಮಕ್ಕಳಿಗೆ ಬಂಡಿಯಿಂದ ಕೊಡಿಸಲು ಹೆದರಬೇಕಿಲ್ಲ. ಆ ತೋಟಗಳಲ್ಲಿ ಬಿದ್ದ ಹಣ್ಣು ಆಯ್ದು ತಿಂದು, ಅದನ್ನೇ ಊಟವೆಂದು ಮಲಗಿದ ಬಡವರ ಮಕ್ಕಳೇ ಸತ್ತದ್ದು. ಈ ಸಲಹೆ ಹಳ್ಳಿಗಳಿಗೆ ಮುಟ್ಟಿದ ಮೇಲೆ ಕೆಲವು ವರ್ಷ ಸಾವು ಇಳಿಯಿತು. 2019ರ ಭಾರಿ ಬಿಸಿಲಿನಲ್ಲಿ ಬಿಹಾರದಲ್ಲಿ ಮತ್ತೆ ನೂರಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಲಿಚಿಯೊಂದರ ಮೇಲೇ ತಪ್ಪು ಹೊರಿಸಬೇಡಿ ಎಂದು ಅಲ್ಲಿನ ಬೆಳೆಗಾರರೂ ಕೆಲವು ವಿಜ್ಞಾನಿಗಳೂ ಹೇಳುತ್ತಾರೆ. ಅವರ ಮಾತಿನಲ್ಲೂ ಹುರುಳಿದೆ. ಖಾಲಿ ಹೊಟ್ಟೆಯೇ ಇರದಿದ್ದರೆ ಆ ಹಣ್ಣು ಕೊಲ್ಲುತ್ತಿರಲಿಲ್ಲ.

ಬೀದರಿಗೆ ಈ ಅಳತೆ ಹಿಡಿದರೆ

ಈಗ ಮಾಮನ ಪ್ರಶ್ನೆಗೆ ಬರೋಣ. ನಮ್ಮ ಜಿಲ್ಲೆಯ ಚಳಿ ಕಡಿಮೆಯೇನಲ್ಲ. ಕೆಲವು ವರ್ಷ ಡಿಸೆಂಬರ್ ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಹೂವಿಗೆ ಬೇಕಾದ ತಂಪು ಒಂದಿಷ್ಟು ಸಿಕ್ಕೀತು. ಆದರೆ ಕಾಯಿ ದಪ್ಪಗಾಗಬೇಕಾದ ಏಪ್ರಿಲ್-ಮೇ ನಮ್ಮಲ್ಲಿ 40 ಡಿಗ್ರಿ ಮುಟ್ಟುವ ಕಾಲ. ಗಾಳಿಯಲ್ಲಿ ತೇವ ಇರುವುದಿಲ್ಲ. ಬೋರ್‌ವೆಲ್ ಕೈಕೊಡುವುದೂ ಆಗಲೇ. ದೊಡ್ಡ ಮರದ ಹಣ್ಣೇ ಬಿರಿಯುವ ಹವೆಯಲ್ಲಿ ಎಳೆ ಸಸಿ ಹೇಗೆ ತಡೆದೀತು?

ನೆಲವನ್ನೂ ನೋಡಬೇಕು. ಬೀದರ್ ನಗರದ ಸುತ್ತಿನ ಎತ್ತರದ ನೆಲ ಕೆಂಪು ಜಂಬಿಟ್ಟಿಗೆಯದು, ನೀರು ಬಸಿದು ಹೋಗುತ್ತದೆ. ಭಾಲ್ಕಿ, ಔರಾದ್ ಕಡೆ ಹೆಚ್ಚಿನದು ಎರಿ. ಮಳೆಗಾಲದಲ್ಲಿ ನೀರು ಹಿಡಿದು ನಿಲ್ಲುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಟ್ಟು ಬೇರು ಹರಿಯುತ್ತದೆ. ಲಿಚಿಗೆ ಎರಡೂ ಆಗದು. ಭಾಲ್ಕಿ ತಾಲ್ಲೂಕಿನಲ್ಲಿ ಕಾರಂಜಾ ಜಲಾಶಯದ ನೀರು ಸಿಗುವ ರೈತರಿದ್ದಾರೆ. ಅವರಿಗೆ ನೀರಿನ ಚಿಂತೆ ಕಡಿಮೆ ಇರಬಹುದು, ಆದರೆ ಬಿಸಿಗಾಳಿಯನ್ನು ಕಾಲುವೆ ತಡೆಯುವುದಿಲ್ಲ.

ಬೀದರಿನ ಹಳೆಯ ಜನ ನೆಲವನ್ನು ಕೇಳಿಯೇ ಕೆಲಸ ಮಾಡುತ್ತಿದ್ದರು. ನೌಬಾದಿನ ಸುರಂಗ ಬಾವಿ ನೋಡಿ. ಬಹಮನಿ ಕಾಲದ್ದು. ಪರ್ಷಿಯಾದಿಂದ ಬಂದ ವಿದ್ಯೆಯೇ, ಆದರೆ ನಮ್ಮ ಜಂಬಿಟ್ಟಿಗೆಯೊಳಗೆ ನೀರು ಎಲ್ಲಿ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ತಿಳಿದು ಅದರಂತೆ ಕೊರೆದರು. ಹೊರಗಿನಿಂದ ಬಂದದ್ದು ಇಲ್ಲಿ ನಿಂತಿತು, ಯಾಕೆಂದರೆ ಮೊದಲು ನೆಲ ನೋಡಿದ್ದರು.

ಹಾಗಾದರೆ ಲಿಚಿಯ ಸಂಶೋಧನೆಯಿಂದ ನಮಗೆ ಉಪಯೋಗವೇ ಇಲ್ಲವೇ? ಇದೆ. ಬೆಳಿಗ್ಗೆ ಬಿಸಿಲೇರುವ ಮೊದಲು ಕೀಳುವುದು, ಕಿತ್ತ ಹಣ್ಣನ್ನು ನೆರಳಲ್ಲಿ ಇಡುವುದು, ಗಾಯವಾಗದಂತೆ ಬುಟ್ಟಿ ತುಂಬುವುದು, ಕಾಯಿಗೆ ಚೀಲ ಕಟ್ಟುವುದು, ಹೂವಿನ ಕಾಲಕ್ಕೆ ಔಷಧ ನಿಲ್ಲಿಸುವುದು, ಗಾಳಿತಡೆ ಮರ ಬೆಳೆಸುವುದು, ಇವು ನಮ್ಮ ಮಾವು, ಪೇರಲ, ಸೀತಾಫಲಕ್ಕೂ ಆಗುತ್ತವೆ. ಹೊಸ ಹಣ್ಣಿನ ಸಸಿ ಯಾರಾದರೂ ತಂದರೆ ದುಡ್ಡು ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಇದು ಬೀಜದ ಸಸಿಯೋ, ಗೂಟಿಯದೋ? ನಮ್ಮ ತಾಲ್ಲೂಕಿನಲ್ಲಿ ಫಲ ಬಿಟ್ಟ ಮರ ಒಂದನ್ನು ತೋರಿಸುತ್ತೀರಾ? ಹೂವಿಗೆ ಎಂಥ ಹವೆ ಬೇಕು, ಕಾಯಿಗೆ ಎಂಥದ್ದು? ರಸೀದಿ ಕೊಡುತ್ತೀರಾ? ಆಮೇಲೆ ಮಣ್ಣು-ನೀರಿನ ಮಾದರಿ ಹಿಡಿದು ಜನವಾಡದ ಕೃಷಿ ವಿಜ್ಞಾನ ಕೇಂದ್ರಕ್ಕೋ, ಬೀದರಿನ ತೋಟಗಾರಿಕೆ ಮಹಾವಿದ್ಯಾಲಯಕ್ಕೋ ಒಮ್ಮೆ ಹೋಗಿ ಬನ್ನಿ. ಬಸ್ ಚಾರ್ಜು ಒಂದು ಸಸಿಯ ಬೆಲೆಯಷ್ಟೂ ಆಗುವುದಿಲ್ಲ.

ಇದನ್ನೆಲ್ಲ ಮಾಮನಿಗೆ ಕಟ್ಟೆಯ ಮೇಲೆ ಕೂತು ಹೇಳಿದೆವು. ತಪ್ಪು ನೆಲದ್ದೂ ಅಲ್ಲ, ನಿಮ್ಮದೂ ಅಲ್ಲ, ನೀರು ಹಾಕದ್ದಕ್ಕೆ ಅವು ಸತ್ತಿಲ್ಲ ಅಂದೆವು. ಅವರು ಸುಮ್ಮನೆ ಕೇಳಿದರು. ಚೀನಾದ ದಾಸವಾಳದ ಕಥೆಗೆ ನಕ್ಕರು. ಮುಜಫ್ಫರ್‌ಪುರದ ಮಕ್ಕಳ ಮಾತು ಬಂದಾಗ "ಉಣ್ಣದೇ ಮಲಗಿದ್ವಾ?" ಎಂದು ಎರಡು ಸಲ ಕೇಳಿದರು.

ಉಳಿದ 11 ಗಿಡಗಳಲ್ಲಿ ಈಗ ನಾಲ್ಕಿವೆ. ಬಾವಿಯ ಪಕ್ಕ, ಮಾವಿನ ನೆರಳಲ್ಲಿರುವವು. ಮಾಮ ಅವನ್ನು ಕಿತ್ತಿಲ್ಲ. ಉಳಿದ ನೆಲದಲ್ಲಿ ಮತ್ತೆ ತೊಗರಿ ಬಿತ್ತಿದ್ದಾರೆ. ಕಳೆದ ಮಿರ್ಗಕ್ಕೆ ಬೀದರಿನಿಂದ ಹೋಗುವಾಗ ನಾವು ಅರ್ಧ ಕಿಲೋ ಲಿಚಿ ಕಟ್ಟಿಸಿಕೊಂಡು ಹೋಗಿದ್ದೆವು. ಮೊಮ್ಮಕ್ಕಳು ಕೈ ಚಾಚಿದರು. ಮಾಮ ಚೀಲವನ್ನು ಗೂಟಕ್ಕೆ ಸಿಗಿಸಿ ಹೇಳಿದರು: "ಮೊದ್ಲ ರೊಟ್ಟಿ ತಿನ್ರಿ."